ಕೆಟಲಮ್ಮ ಹೇಳಿದ ಗುಟ್ಟು

"ಹತ್ತಿರ ಬನ್ನಿ. ನಾನು ಹೇಳಿದೆ ಅಂತ ಯಾರ ಮುಂದೂ ಬಾಯಿ ಬಿಡಬಾರದು," ಎಂದು ಕೆಟಲಮ್ಮ ದನಿ ತಗ್ಗಿಸಿ ಲೋಟಗಳಿಗೆ ಹೇಳಿದಳು. "ಪಕ್ಕದ ಒಲೆಯ ಮಡಕೆ ಇದ್ದಾಳಲ್ಲ, ಅವಳ ಕುಲದವರ ಹೊಟ್ಟೆಯಲ್ಲಿ ಮನುಷ್ಯರನ್ನು ಬೇಯಿಸುತ್ತಿದ್ದರಂತೆ. ದೊರೆಯ ಪುಸ್ತಕದಲ್ಲಿ ಚಿತ್ರವನ್ನೇ ಕಂಡಿದ್ದೇನೆ. ಮೊನ್ನೆ ಪಡಸಾಲೆಯ ಟಿವಿಯಲ್ಲೂ ತೋರಿಸಿದರು."

ಕೀನ್ಯಾದ ಗುಡ್ಡದ ಮೇಲೆ, ನ್ಯಾಂಬುರಾಳ ಅಡುಗೆಮನೆಯಲ್ಲಿ ಕೆಟಲಮ್ಮನೇ ಹಳಬಳು. ಚಹಾತೋಟದ ಬಿಳಿಯ ದೊರೆ ದೇಶ ಬಿಡುವಾಗ ಅವಳನ್ನು ಬಂಗಲೆಯ ಜಗಲಿಯಲ್ಲೇ ಮರೆತು ಹೋಗಿದ್ದ; ಅಲ್ಲಿಂದ ಅವಳು ಈ ಮನೆ ಸೇರಿದ್ದಳು. ಮೈಯ ಬಣ್ಣವೆಲ್ಲ ಉದುರಿದರೂ ಗತ್ತು ಉದುರಿರಲಿಲ್ಲ. ನೀರು ಕುದಿಯುವಾಗ ಈಗಲೂ ಆವಿಯೊಳಗೆ ಆ ಜಗಲಿ, ಬಿಳಿ ಮೇಜುಬಟ್ಟೆ, ದೊರೆಸಾನಿಯ ಬೆರಳುಗಳು ತೇಲಿ ಬರುತ್ತಿದ್ದವು.

ಗುಟ್ಟು ಮರಿಮಡಕೆಯ ಕಿವಿಗೂ ಬಿತ್ತು. ಹೊಸ ಮಡಕೆಯನ್ನು ಗಂಜಿ ಕುದಿಸಿ ಪಳಗಿಸದಿದ್ದರೆ ಬಿರುಕು ಬಿಡುತ್ತದೆ. ಅದೋ ಒಲೆಯ ಮೇಲೆ ಕೂರಲೊಲ್ಲದೆ ಜಾರಿ ಜಾರಿ ಬೂದಿಗಿಳಿಯಿತು.

"ಅಜ್ಜಿ, ನಾವು ಅಂಥವರಾ?"

"ನನ್ನೊಳಗೆ ಇಣುಕು, ಮಗಾ. ಏನು ವಾಸನೆ?" ಎಂದಳು ಪಕ್ಕದ ಒಲೆಯ ದೊಡ್ಡ ಮಡಕೆ.

"ರಾಗಿ ಗಂಜಿ."

"ನಮ್ಮಮ್ಮನ ಹೊಟ್ಟೆಯಲ್ಲೂ ಅದೇ ವಾಸನೆಯಿತ್ತು. ಒಲೆ ಏರು."

ಮರಿಮಡಕೆ ಏರಿ ಕೂತಿತು. ಆಮೇಲೆ ದೊಡ್ಡ ಮಡಕೆ ಕೆಟಲಮ್ಮನ ಮುಖಕ್ಕೇ ಹೇಳಿದಳು:

"ಅಕ್ಕಾ, ದೊರೆ ಜ್ವರದಲ್ಲಿ ಮಲಗಿದಾಗ ಕುಡಿದದ್ದೂ ಈ ಗಂಜಿಯನ್ನೇ. ನಿನ್ನ ಹೊಟ್ಟೆಯಲ್ಲಿ ಕುದಿದ ಚಹಾ ಮಾತ್ರ ನ್ಯಾಂಬುರಾಳ ಅಜ್ಜನ ಹೊಲವನ್ನು ದೊರೆ ಕಿತ್ತುಕೊಂಡು ಬೆಳೆಸಿದ್ದು. ಆ ಅಜ್ಜ ಅದೇ ತೋಟದಲ್ಲಿ ಕೂಲಿ ಮಾಡಿಯೇ ಸತ್ತ. ನಿಜವಾಗಿ ಮನುಷ್ಯರು ಬೆಂದದ್ದು ಯಾರ ಹೊಟ್ಟೆಯಲ್ಲಿ ಅನ್ನುವುದನ್ನೂ ಲೋಟಗಳಿಗೆ ಹೇಳು. ಹೇಳುವಾಗ ದನಿ ತಗ್ಗಿಸಬೇಡ."