ಅಂತೋಣಮ್ಮನ ಕೈಮಾ ಬನ್ನು

ಯಾವ ಕಾಲವೆಂದು ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಕಲ್ಲು ಒಡೆಯುವವರದೇ ಒಂದು ಊರಿತ್ತಂತೆ. ಅಲ್ಲಿ ಗಣಿಯ ಪಕ್ಕದಲ್ಲೇ ಅಂತೋಣಮ್ಮನ ತಗಡಿನ ಅಂಗಡಿ. ಅವಳು ದನದ ಮಾಂಸವನ್ನು ಎರಡು ಕತ್ತಿಗಳಿಂದ ಸಣ್ಣಗೆ ಕೊಚ್ಚಿ, ಈರುಳ್ಳಿ, ಮೆಣಸು ಬೆರೆಸಿ, ಕಾದ ಕಾವಲಿಯ ಮೇಲೆ ತಟ್ಟಿ ಬೇಯಿಸಿ, ಬನ್ನಿನ ನಡುವೆ ಇಟ್ಟು ಕೊಡುತ್ತಿದ್ದಳಂತೆ. ಆ ವಾಸನೆಗೆ ಗಣಿಯ ತಳದಲ್ಲಿದ್ದವರು ಏಣಿಯಿಲ್ಲದೆ ಮೇಲೆ ಬರುತ್ತಿದ್ದರಂತೆ. ಅದನ್ನು ನಾನು ನಂಬುವುದಿಲ್ಲ. ಮುಂದಿನದನ್ನು ನಂಬುತ್ತೇನೆ.

ಒಂದು ದಿನ ಮಾಂಸ ಅರ್ಧವೇ ಬಂತಂತೆ. ತಿನ್ನುವವರು ಎಂದಿನಷ್ಟೇ ಜನ. ಅಂತೋಣಮ್ಮ ಹಿಂದಿನ ದಿನದ ಒಣ ಬನ್ನುಗಳನ್ನು ನೀರಲ್ಲಿ ನೆನೆಸಿ, ಹಿಂಡಿ, ಕೈಮಾದೊಳಗೆ ಕಲಸಿಬಿಟ್ಟಳಂತೆ. ಯಾರಿಗೂ ತಿಳಿಯಲಿಲ್ಲ. ತಿಳಿಯದಿದ್ದರೆ ಹೋಗಲಿ, ಹೊಗಳಿದರಂತೆ.

"ಇವತ್ತು ನನ್ನ ಹಲ್ಲಿಗೆ ಕೆಲಸವೇ ಇಲ್ಲ ತಂಗಿ. ದಿನಾ ಹೀಗೇ ಮಾಡು," ಅಂದನಂತೆ ಮುದುಕ ಚೌರಪ್ಪ. ಅರ್ಧ ತಿಂದು, ಉಳಿದರ್ಧವನ್ನು ಎಲೆಯಲ್ಲಿ ಕಟ್ಟಿಕೊಂಡ.

"ಯಾರಿಗೆ ಮಾವ, ದಿನಾ ಕದ್ದು ಒಯ್ಯೋದು?" ಎಂದು ಯಾರೋ ಕೆಣಕಿದರಂತೆ.

"ಮಗಳಿಗೆ ಕಣೋ. ಲೂರ್ದಿ ಹೆತ್ತು ಹನ್ನೆರಡು ದಿನ, ಮೈಯಲ್ಲಿ ರಕ್ತವಿಲ್ಲ. ಮಾಂಸ ತಿನ್ನಿಸು ಅಂದಿದ್ದಾಳೆ ಸೂಲಗಿತ್ತಿ. ನಮ್ಮನೇಲಿ ಮಾಂಸ ಅಂದ್ರೆ ಇಷ್ಟೇ."

ಕರೆದು ಹೇಳಬಹುದಿತ್ತು. ಅಷ್ಟು ಜನರ ಮುಂದೆ ಅಂತೋಣಮ್ಮನಿಗೆ ಬಾಯಿ ಬರಲಿಲ್ಲವಂತೆ. ಚೌರಪ್ಪ ಇಳಿಜಾರು ದಾಟುವವರೆಗೂ ನೋಡುತ್ತ ನಿಂತಳಂತೆ.

ಮರುದಿನ ಬೆಳಿಗ್ಗೆ ಒಳ್ಳೆಯ ಮಾಂಸ ಕಟ್ಟಿಕೊಂಡು, ಕಾವಲಿ ಹೊತ್ತುಕೊಂಡು ಅವನ ಮನೆಗೆ ಹೋದಳಂತೆ. ಒಲೆಯನ್ನೇ ನೋಡುತ್ತ ಲೂರ್ದಿಗೆ ಎಲ್ಲ ಹೇಳಿದಳಂತೆ.

ಲೂರ್ದಿ ನಕ್ಕುಬಿಟ್ಟಳು. "ಅದಕ್ಕೇ ಅಷ್ಟು ಮೆತ್ತಗಿತ್ತಾ ಅತ್ತೆ? ಒಂದು ಚೂರೂ ಬಿಡದೆ ತಿಂದೆ."

ಬೈದಿದ್ದರೆ ಅಂತೋಣಮ್ಮ ತಾಳಿಕೊಳ್ಳುತ್ತಿದ್ದಳೇನೋ. ಬಾಣಂತಿಯನ್ನು ಒಲೆಯ ಹತ್ತಿರ ಕೂರಿಸಿಕೊಂಡು, ಕೊಚ್ಚುವುದು ಹೇಗೆ, ತಟ್ಟುವುದು ಹೇಗೆ, ಯಾವಾಗ ಮಗುಚುವುದು ಎಂದು ತೋರಿಸಿದಳಂತೆ. "ಇನ್ನು ನನ್ನ ಕೈಯದು ತಿನ್ನಬೇಡ. ನಿನ್ನ ಕಣ್ಣೆದುರು ಮಾಡಿಕೋ," ಅಂದಳಂತೆ.

ಅಂಗಡಿ ಮತ್ತೆ ತೆರೆಯಲಿಲ್ಲ. ಮನೆಮನೆಗೂ ಹೋಗಿ ಕಲಿಸಿದಳಂತೆ. ಒಂದೇ ದಿನ ನೂರು ಮನೆ ಎನ್ನುವವರಿದ್ದಾರೆ. ಎಲ್ಲಿಯೂ ತಲೆ ಎತ್ತಲಿಲ್ಲವಂತೆ. ಕಡೆಕಡೆಗೆ ಊರಿಗೆ ಅವಳ ಮುಖ ಮರೆತು, ಕೈ ಮಾತ್ರ ನೆನಪಿತ್ತಂತೆ.

ಈಗಲೂ ನಮ್ಮ ಮನೆಗಳಲ್ಲಿ ಕೈಮಾ ಬನ್ನು ಮಾಡಿದರೆ ಬನ್ನಿನ ಮೇಲಿನ ತುಂಡು ಕೂಡಲೇ ಮುಚ್ಚುವುದಿಲ್ಲ. ತಿನ್ನುವವರ ಮುಂದೆ ತಟ್ಟೆ ಹಿಡಿಯುತ್ತೇವೆ. ಅವರು ಒಳಗಿನ ಮಾಂಸ ನೋಡಿ ಹೂಂ ಅಂದ ಮೇಲೆ ಮುಚ್ಚುತ್ತೇವೆ. ಹೊರಗಿನಿಂದ ಬಂದ ನೆಂಟರು, ಇದು ನಮಗೆ ಮಾಡುವ ಮರ್ಯಾದೆ ಎಂದುಕೊಳ್ಳುತ್ತಾರೆ. ನಾವೂ ಅಲ್ಲವೆನ್ನುವುದಿಲ್ಲ.