ಕಂಬ ಮುಟ್ಟಿ ಬರುವವಳು

"ಗುರುಗಳೇ, ಸೋಮವ್ವನನ್ನು ಕೆಲಸದಿಂದ ಬಿಡಿಸಿಬಿಡಲೇ?" ಎಂದು ಶಿಷ್ಯ ಕೇಳಿದ.

ಆಯುಧಪೂಜೆಯ ಮರುದಿನದಿಂದ ಮಠದ ಕಂಪ್ಯೂಟರ್ ಕೆಟ್ಟು ಕೂತಿತ್ತು. ದಿನವೂ ಅದರ ದೂಳು ಒರೆಸುವವಳು ಸೋಮವ್ವ. ಇನ್ನು ವಿಚಾರಿಸುವುದೇನಿದೆ ಎಂಬುದು ಶಿಷ್ಯನ ಎಣಿಕೆ. ಪೂಜೆ ಮುಗಿಸಿ ರೇಷ್ಮೆಯ ಮಡಿಯಲ್ಲೇ ಬಂದಿದ್ದ. ಗುರುಗಳಿಂದ ಒಂದು "ಹೂಂ" ಸಿಕ್ಕರೆ ಅವನಿಗೆ ಸಾಕಿತ್ತು.

ಗುರುಗಳು ಕಣ್ಣು ಮುಚ್ಚಿದರು. ಈ ಪ್ರಶ್ನೆಯನ್ನು ಅವರು ಎಷ್ಟು ಬಾಯಲ್ಲಿ ಕೇಳಿದ್ದರೋ. "ಕೂತುಕೋ" ಎಂದು ದಣಿದ ದನಿಯಲ್ಲಿ ಕತೆ ಹೇಳತೊಡಗಿದರು.

ಒಬ್ಬ ವ್ಯಾಪಾರಿಗೆ ಒಂದು ಬೇಳೆ ಗಿರಣಿಯಿತ್ತು. ಅಲ್ಲಿ ಕರಿಕಾಳನ್ನು ಗುರುತಿಸಿ ಆಚೆ ತಳ್ಳುವ ಒಂದು ಯಂತ್ರ. ಗಿರಣಿಯ ತುಂಬ ಹೊಟ್ಟಿನ ದೂಳು. ಯಂತ್ರದ ಒಳಗನ್ನು ಶುಚಿ ಮಾಡಲು ಒಬ್ಬ ಹೆಂಗಸಿದ್ದಳು. ಅವಳು ಕರೆಂಟು ತೆಗೆಸುತ್ತಿದ್ದಳು. ನೆಲಕ್ಕೆ ತಂತಿ ಇಳಿಸಿದ ಕಬ್ಬಿಣದ ಕಂಬವನ್ನು ಮುಟ್ಟುತ್ತಿದ್ದಳು. ಆಮೇಲೆ ಕುಂಚ ಹಿಡಿಯುತ್ತಿದ್ದಳು. ಯಂತ್ರ ಜೋಡಿಸಲು ಬಂದಿದ್ದ ಮೇಸ್ತ್ರಿ ಹೇಳಿಕೊಟ್ಟ ಕ್ರಮ ಅದು. ಏಳು ವರ್ಷ ಒಂದು ದಿನವೂ ಅವಳು ತಪ್ಪಿಸಲಿಲ್ಲ.

ವ್ಯಾಪಾರಿ ಒಮ್ಮೆ ನೋಡಿ ನಕ್ಕ.

"ಏನಬೇ, ಕಂಬಕ್ಕೂ ಶರಣು ಮಾಡ್ತಿ?"

"ಶರಣಲ್ರಿ ಸಾವ್ಕಾರ್ರ. ಒಣ ಹವಾದಾಗ ಬಟ್ಟಿ ಉಜ್ಜಿ ಮೈಯಾಗ ಕಿಡಿ ಕುಂತಿರತೈತಿ. ಕಂಬಕ್ಕ ಇಳಿಸಿ ಬರ್ತೀನಿ. ಇಲ್ಲಂದ್ರ ಅದು ಯಂತ್ರದಾಗ ಹೊಕ್ಕು ಸುಡತೈತಿ."

"ನಿನ್ನ ಮೈಯಾಗ ಕಿಡಿ ಎಲ್ಲಿಂದ ಬರಬೇಕು? ಬರೀ ಹೊಟ್ಟು ಐತಿ!"

ಆಳುಗಳೆಲ್ಲ ನಕ್ಕರು. ಅವಳು ನಗಲಿಲ್ಲ, ಕುಂಚ ಹಿಡಿದಳು.

ಆಯುಧಪೂಜೆ ಬಂತು. ಆ ವರ್ಷ ಮಳೆ ಬೇಗ ನಿಂತು ಗಾಳಿ ಒಣಗಿತ್ತು. ಪೂಜೆಯ ದಿನ ಅವಳು ಮುಟ್ಟಿದರೆ ಯಂತ್ರ ಮೈಲಿಗೆ ಎಂದು ವ್ಯಾಪಾರಿ ಅವಳನ್ನು ಬಾಗಿಲಾಚೆ ನಿಲ್ಲಿಸಿದ. ತಾನೇ ರೇಷ್ಮೆ ಉಟ್ಟು, ಕಂಬಳಿಯ ಮೇಲೆ ಕೂತು ಮಂತ್ರ ಹೇಳಿಸಿ ಎದ್ದ. ಯಂತ್ರದ ಪೆಟ್ಟಿಗೆ ತೆಗೆದು ರೇಷ್ಮೆ ಶಲ್ಯದಿಂದ ಒಳಗೆಲ್ಲ ಒರೆಸಿದ.

"ಕಂಬಾ, ಸಾವ್ಕಾರ್ರ!" ಎಂದು ಅವಳು ಬಾಗಿಲಿಂದ ಕೂಗಿದಳು. ಜಾಗಟೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಬೆರಳ ತುದಿಯಲ್ಲಿ ಚಟ್ಟೆಂದಿತು. ದೇವಿ ಒಲಿದಳು ಎಂದು ವ್ಯಾಪಾರಿ ಕೈಮುಗಿದ.

ಮರುದಿನ ಯಂತ್ರ ಕಣ್ಣು ಬಿಡಲಿಲ್ಲ. ದೂಳು ಒರೆಸುವವಳು ಯಾರು ಎಂದು ಕೇಳಿದರು. ಅವಳೇ ಎಂದರು. ಅಲ್ಲಿಗೆ ವಿಚಾರಣೆ ಮುಗಿಯಿತು. ಈ ನಾಡಿನಲ್ಲಿ ಏನೇ ಮುರಿಯಲಿ, ಪೊರಕೆ ಹಿಡಿದ ಕೈಯೇ ಮುರಿದದ್ದು. ಈ ಕಾಯಿದೆಯನ್ನು ಯಾರೂ ಬರೆದಿಲ್ಲ, ಎಲ್ಲರೂ ಪಾಲಿಸುತ್ತಾರೆ. ಅವಳು ಕುಂಚವನ್ನು ಕಂಬದ ಬುಡದಲ್ಲಿಟ್ಟು ಹೋದಳು.

ವಾರದ ಮೇಲೆ ಮೇಸ್ತ್ರಿ ಬಂದ. ಯಂತ್ರದೊಳಗಿನ ಸುಟ್ಟ ಎಲೆಕ್ಟ್ರಾನಿಕ್ ಬಿಲ್ಲೆಯನ್ನು ಬಿಚ್ಚಿ ನೋಡಿ, "ಕಂಬ ಮುಟ್ಟದೆ ಇದರೊಳಗೆ ಕೈ ಹಾಕಿದವರು ಯಾರು?" ಎಂದು ಕೇಳಿದ. ವ್ಯಾಪಾರಿ ಬಿಲ್ಲೆಯ ಬೆಲೆ ಕೇಳಿದ. ಹೊಸ ಬಿಲ್ಲೆ ಹಾಕಿಸಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆಮೇಲಾದರೂ ಅವಳನ್ನು ಕರೆಸಿದನೇ?" ಎಂದು ಶಿಷ್ಯ ಮೆಲ್ಲಗೆ ಕೇಳಿದ.

"ಇಲ್ಲ. ಕರೆಸಿದರೆ ತಪ್ಪು ಒಪ್ಪಿದಂತಾಗುತ್ತಿತ್ತು. ಮುಂದಿನ ಹಬ್ಬಕ್ಕೆ ಮತ್ತೆ ರೇಷ್ಮೆ ಉಟ್ಟ. ಕೆಲಸದಿಂದ ಬಿಡಿಸಲು ಇನ್ನೊಬ್ಬಳು ಇದ್ದಳಲ್ಲ."

ಹಬ್ಬದ ದಿನ ಸೋಮವ್ವನನ್ನು ಹೊರಗೆ ಕಳಿಸಿದ್ದು ಶಿಷ್ಯನಿಗೆ ನೆನಪಾಯಿತು. ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ, ಹೆಗಲ ಮೇಲಿನ ಇದೇ ಶಲ್ಯದಿಂದ ಒರೆಸಿದ್ದು ನೆನಪಾಯಿತು. ಬೆರಳಿಗೆ ಚುರುಕ್ಕೆಂದದ್ದೂ ನೆನಪಾಯಿತು. ಅವನು ಶಲ್ಯವನ್ನು ಹೆಗಲಿಂದ ತೆಗೆದು ಮಡಿಸಿದ.

ಗುರುಗಳು ಕಿಟಕಿಯ ಕಡೆ ಕೈ ತೋರಿಸಿದರು.

"ಮೊದಲು ಆ ಕಬ್ಬಿಣದ ಸರಳು ಮುಟ್ಟಿ ಬಾ, ಆಮೇಲೆ ಸೋಮವ್ವನ ಹೆಸರೆತ್ತು."