ಗಂಧದ ಉಗ್ರಾಣದ ಕಿಂಡಿ

"ಗುರುಗಳೇ, ಕೋಪ ಏಳದಿರಲೆಂದು ಮೌನ ಹಿಡಿದೆ, ಉಪವಾಸ ಹಿಡಿದೆ, ಜಪ ಹಿಡಿದೆ. ಆದರೂ ಎದೆ ಬಿರಿಯುವ ಹಾಗಿದೆ. ಇನ್ನೇನು ಹಿಡಿಯಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಸುಗಂಧದೆಣ್ಣೆಯ ವ್ಯಾಪಾರಿ. ಪರಿಮಳ ಸೋರಿದರೆ ಬಂಡವಾಳವೇ ಸೋರಿದಂತೆ ಎಂದು ನಂಬಿದವನು. ಉಗ್ರಾಣದ ಸಂದಿಸಂದಿಗೂ ಮೇಣ ಮೆತ್ತಿಸಿದ್ದ. ಒಳಗಿದ್ದದ್ದೆಲ್ಲ ಎಣ್ಣೆ, ಕಿಡಿ ಬಿದ್ದರೆ ಅವನ ಬದುಕೇ ಬೂದಿ. ನೀರು ಹೊಯ್ದರೆ ಸರಕು ಹಾಳು. ಹಾಗಾಗಿ, ಬೆಂಕಿ ಕಂಡೊಡನೆ ತಾನಾಗಿ ಗ್ಯಾಸ್ ನುಗ್ಗಿ ಆರಿಸುವ ಸಿಲಿಂಡರುಗಳನ್ನು ತರಿಸಿದ.

ಅವನ್ನು ಕೂರಿಸಲು ಬಂದ ಇಂಜಿನಿಯರು ಕೋಣೆಯ ಅಳತೆ ಹಿಡಿದು ಲೆಕ್ಕ ಹಾಕಿದಳು.

"ಸೆಟ್ಟರೇ, ಇಷ್ಟು ಗ್ಯಾಸ್ ಒಮ್ಮೆಗೇ ನುಗ್ಗಿದರೆ ಒಳಗಿನ ಗಾಳಿ ಎಲ್ಲಿಗೆ ಹೋಗಬೇಕು? ಗೋಡೆ ಒಡೆಯುತ್ತದೆ. ಹೊರಗೋಡೆಗೆ ಒಂದು ಕಿಂಡಿ ಇಡಿಸಿ. ಒತ್ತಡ ಏರಿದರೆ ಮುಚ್ಚಳ ತೆರೆಯುತ್ತದೆ, ಇಳಿದರೆ ಮುಚ್ಚಿಕೊಳ್ಳುತ್ತದೆ."

"ನನ್ನ ಪರಿಮಳ ಬೀದಿಪಾಲಾಗಲಿ ಅಂತಲೇ? ಲೆಕ್ಕ ನಿನ್ನದು ತಾಯಿ, ಗೋಡೆ ನನ್ನದು."

"ಅದು ನಿಮ್ಮದಾಗಿಯೇ ಉಳಿಯಲಿ ಅಂತಲೇ ಈ ಲೆಕ್ಕ."

ಅವಳು ವಾದಕ್ಕೆ ನಿಲ್ಲಲಿಲ್ಲ. ಹಲಗೆಯಲ್ಲಿ ಅದೇ ಕೋಣೆಯ ಪುಟ್ಟ ಮಾದರಿ ಮಾಡಿಸಿದಳು. ಅದರ ಸಂದಿಗೂ ಸೆಟ್ಟರ ಮೇಣವನ್ನೇ ಮೆತ್ತಿದಳು. ಅಂಗಳದಲ್ಲಿಟ್ಟು ಗ್ಯಾಸ್ ಬಿಟ್ಟಳು. ದೂರ ನಿಲ್ಲಿ ಎಂದರೂ ಕೇಳದೆ ವ್ಯಾಪಾರಿ ಬಗ್ಗಿ ನೋಡಿದ. ಢಬ್ಬೆಂದಿತು. ಮೇಲಿನ ಹಲಗೆ ಹಾರಿತು. ಅದರ ಹಿಂದೆಯೇ ಅವನ ಟೋಪಿಯೂ ಹಾರಿ ಪಕ್ಕದ ಮಿಠಾಯಿ ಅಂಗಡಿಯ ಪಾಕದಲ್ಲಿ ಬಿತ್ತು.

ಬೀದಿಯೇ ಬಿದ್ದು ಬಿದ್ದು ನಕ್ಕಿತು. ತಲೆ ಉಳಿಯಿತಲ್ಲ ಎಂದು ಸವರಿಕೊಂಡು ವ್ಯಾಪಾರಿಯೂ ನಕ್ಕ.

"ಟೋಪಿ ಹಾಕುವವರನ್ನು ಬೇಕಾದಷ್ಟು ಕಂಡಿದ್ದೆ, ಹಾರಿಸುವವಳನ್ನು ಈಗ ಕಂಡೆ. ಇಡಿಸು ತಾಯಿ ಕಿಂಡಿ!"

ಹಬ್ಬ ಹತ್ತಿರವಾದಾಗ ಕರೆಂಟಿನ ತಂತಿಯೊಂದು ಸುಟ್ಟು ಎಣ್ಣೆಗೆ ಬೆಂಕಿ ತಗಲಿತು. ಆಳುಗಳೆಲ್ಲ ಹೊರಗೋಡಿ ಬಂದರು. ವ್ಯಾಪಾರಿ ಗೋಡೆಯನ್ನೇ ನೋಡುತ್ತ ನಿಂತ. ಒಳಗೆ ಗ್ಯಾಸ್ ಭೋರ್ಗರೆಯಿತು. ಕಿಂಡಿ ಬಾಯಿ ತೆರೆಯಿತು, ಮುಚ್ಚಿತು. ಬೆಂಕಿ ಆರಿತು. ಗೋಡೆಯ ಸುಣ್ಣ ಕೂಡ ಉದುರಲಿಲ್ಲ. ಹೊಗೆಯ ಜೊತೆ ಹೊರಬಿದ್ದ ಒಂದು ಉಸಿರಿಗೆ ಬೀದಿಯೆಲ್ಲ ಕೇದಗೆ, ಶ್ರೀಗಂಧ. ದಾರಿಹೋಕರು ಮೂಗು ಹೋದ ಕಡೆ ಕಾಲು ಹಾಕುತ್ತ ಬಂದು, "ಇದ್ಯಾವ ಎಣ್ಣೆ ಸೆಟ್ಟರೇ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ?" ಎಂದು ಅವನನ್ನು ಮುತ್ತಿಕೊಂಡರು.

ಶಿಷ್ಯ ನಗುತ್ತಿದ್ದ. ಗುರುಗಳೂ ನಕ್ಕು ಹೇಳಿದರು:

"ನಿನ್ನ ಎದೆ ಬಿರಿಯುತ್ತಿರುವುದು ಕೋಪದಿಂದಲ್ಲ ಮಗು, ಅದನ್ನು ಆರಿಸಲೆಂದು ನೀನು ಒಳಗೆ ತುಂಬಿದ ಮೌನ, ಉಪವಾಸ, ಜಪಗಳಿಂದ."